ಹಲ್ಲಿನ ಮೇಲೆ ಬರೆದ ಚರಿತ್ರೆ

ನನ್ನ ಊರು ನಂಗಲಿ. ಮುಳಬಾಗಿಲಿನಿಂದ ಮೂಡಲಿಗೆ, ಪಲಮನೇರು ಚಿತ್ತೂರುಗಳ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಕರ್ನಾಟಕದ ನೆಲ ಮುಗಿಯುವುದಕ್ಕೆ ತುಸು ಮುಂಚೆ ಸಿಗುವ ಊರು. ತಿರುಪತಿಯ ಯಾತ್ರಿಕರು ಇದನ್ನು ಬಸ್ಸಿನ ಕಿಟಕಿಯಿಂದ ನೋಡಿರುತ್ತಾರೆ; ಚರಿತ್ರೆಯ ವಿದ್ಯಾರ್ಥಿಗಳು ಶಾಸನಗಳ ಪುಟದಲ್ಲಿ ನೋಡಿರುತ್ತಾರೆ. ಹೊಯ್ಸಳ ವಿಷ್ಣುವರ್ಧನನ ಬಿರುದುಗಳ ಸಾಲಿನಲ್ಲಿ ತಲಕಾಡು, ಕೊಂಗುಗಳ ಜೊತೆಗೆ ನಂಗಲಿಯ ಹೆಸರೂ ಬರುತ್ತದೆ. ಅವನ ರಾಜ್ಯದ ಮೂಡಣ ಎಲ್ಲೆಯೆಂದು ಹೇಳಿರುವುದು ನಂಗಲಿಯ ಘಟ್ಟವನ್ನೇ.

ಇಂಥ ಊರಿನವನು ಬಾನುಲಿಯ ಮುಂದೆ ಕುಳಿತು ತಿಮಿಂಗಿಲದ ಮಾತನ್ನೆತ್ತಿದರೆ ಕೇಳುಗರಿಗೆ ನಗು ಬರಬಹುದು. ನಮ್ಮ ಸೀಮೆಯಲ್ಲಿ ಸಮುದ್ರವಿರಲಿ, ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲ. ಕೆರೆ ತುಂಬಿದ ವರ್ಷವನ್ನು ಜನ ಹೆಸರು ಹಿಡಿದು ನೆನೆಯುತ್ತಾರೆ. ತಿಮಿಂಗಿಲವೆನ್ನುವುದು ನಮಗೆ ಪುರಾಣದಿಂದ ಬಂದ ಒಂದು ಪದ. ತಿಮಿ ಎಂಬ ಮಹಾಮತ್ಸ್ಯವನ್ನೇ ನುಂಗುವುದು ತಿಮಿಂಗಿಲ, ಅದನ್ನೂ ನುಂಗುವುದು ತಿಮಿಂಗಿಲಗಿಲ ಎಂದು ನಾನು ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಆ ಪ್ರಾಣಿಯ ಒಂದು ಹಲ್ಲನ್ನು ಕಣ್ಣಾರೆ ಕಂಡದ್ದು ಮಾತ್ರ ನಿವೃತ್ತನಾದ ಮೇಲೆ. ಕಂಡಾಗ ನೆನಪಿಗೆ ಬಂದದ್ದು ನಮ್ಮ ಮನೆಯ ಅಟ್ಟದ ಮೇಲಿದ್ದ ಒಂದು ಪೆಟ್ಟಿಗೆ.

ಮೊದಲು ಪೆಟ್ಟಿಗೆಯ ವಿಚಾರ. ನಮ್ಮ ತಾತನವರು ಮೈಸೂರಿನ ದಸರೆಗೆ ಹೋದಾಗ ತಂದದ್ದೆಂದು ಹೇಳುತ್ತಿದ್ದರು. ಬೀಟೆ ಮರದ್ದು, ಒಂದು ಮೊಳ ಉದ್ದ, ಗೇಣು ಅಗಲ. ಮುಚ್ಚಳದ ಮೇಲೆ ದಂತದ ಇನ್‌ಲೇ ಕೆಲಸ: ಎರಡು ಮರ, ಒಂದು ಕೊಳ, ಕೊಳದಲ್ಲಿ ನೀರು ಕುಡಿಯುತ್ತ ನಿಂತ ಒಂದು ಆನೆ. ಆನೆಯ ಕಿವಿಯ ಸುಕ್ಕು, ಸೊಂಡಿಲಿನ ಮಡಿಕೆ, ಕಣ್ಣಿನ ಸುತ್ತಲಿನ ಗೆರೆ ಎಲ್ಲವನ್ನೂ ಕೂದಲೆಳೆಯಷ್ಟು ಸಣ್ಣ ಕಪ್ಪು ರೇಖೆಗಳಲ್ಲಿ ಕೊರೆದಿದೆ. ನಮ್ಮಜ್ಜಿ ಅದರಲ್ಲಿ ಜಾತಕಗಳನ್ನೂ ಜಮೀನಿನ ಪತ್ರಗಳನ್ನೂ ಇಡುತ್ತಿದ್ದರು. ಹುಡುಗನಾಗಿದ್ದಾಗ ನಾನು ಆ ಆನೆಯನ್ನು ಬೆರಳಿನಿಂದ ಸವರುತ್ತಿದ್ದೆ. ಆನೆಯ ಚಿತ್ರವನ್ನು ಆನೆಯ ಹಲ್ಲಿನ ಮೇಲೆಯೇ ಬರೆದಿದ್ದಾರೆ ಎಂಬುದು ಎಷ್ಟೋ ವರ್ಷ ನನಗೆ ಹೊಳೆಯಲೇ ಇಲ್ಲ.

ಅದು ಹೊಳೆದದ್ದು ಅಮೆರಿಕದ ನ್ಯೂ ಬೆಡ್‌ಫರ್ಡ್ ಎಂಬ ಊರಿನಲ್ಲಿ. ಬಾಸ್ಟನ್ ಬಳಿ ಇರುವ ಮಗನ ಮನೆಗೆ ಹೋಗಿದ್ದಾಗ ಅವನು ನನ್ನನ್ನು ಅಲ್ಲಿಯ ತಿಮಿಂಗಿಲ ಬೇಟೆಯ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜಗತ್ತಿನ ತಿಮಿಂಗಿಲ ಬೇಟೆಗೆ ಅದು ರಾಜಧಾನಿಯಂತಿದ್ದ ಬಂದರು. 'ಮೋಬಿ ಡಿಕ್' ಬರೆದ ಹರ್ಮನ್ ಮೆಲ್ವಿಲ್ 1841ರ ಜನವರಿಯಲ್ಲಿ ಅದೇ ಬಂದರಿನ ನೀರಿನಿಂದ ಬೇಟೆಯ ಹಡಗು ಹತ್ತಿ ಹೊರಟವನು. ಸಂಗ್ರಹಾಲಯದ ಹೆಬ್ಬಾಗಿಲಿನಲ್ಲಿ ತಲೆಯ ಮೇಲೆ ತಿಮಿಂಗಿಲಗಳ ಅಸ್ಥಿಪಂಜರಗಳನ್ನು ತೂಗಹಾಕಿದ್ದಾರೆ. ಅವುಗಳಲ್ಲೊಂದು 1998ರಲ್ಲಿ ಹಡಗಿಗೆ ಸಿಕ್ಕಿ ಸತ್ತ ಎಳೆಯ ನೀಲಿ ತಿಮಿಂಗಿಲದ್ದು. ಸತ್ತು ಅಷ್ಟು ವರ್ಷಗಳಾಗಿದ್ದರೂ ಅದರ ಮೂಳೆಗಳಿಂದ ಎಣ್ಣೆ ಜಿನುಗುತ್ತಿತ್ತು. ಜಿನುಗಿದ್ದು ಒಂದು ಗಾಜಿನ ಪಾತ್ರೆಗೆ ಇಳಿಯುವಂತೆ ಏರ್ಪಾಡು ಮಾಡಿದ್ದರು.

ಆ ಎಣ್ಣೆಯಲ್ಲಿಯೇ ಇಡೀ ಕಥೆಯಿದೆ. ನಮ್ಮ ಹಳ್ಳಿಗಳಲ್ಲಿ ಹೊಂಗೆಯೆಣ್ಣೆ, ಹರಳೆಣ್ಣೆಯ ದೀಪಗಳು ಉರಿಯುತ್ತಿದ್ದ ಕಾಲದಲ್ಲಿ ಪಶ್ಚಿಮದ ಪಟ್ಟಣಗಳ ದೀಪಗಳು ತಿಮಿಂಗಿಲದ ಎಣ್ಣೆಯಿಂದ ಉರಿಯುತ್ತಿದ್ದವು. ಅದಕ್ಕಾಗಿ ನಾವಿಕರು ಮೂರು ನಾಲ್ಕು ವರ್ಷ ಮನೆ ಬಿಟ್ಟು ಶಾಂತಸಾಗರದವರೆಗೂ ಹೋಗುತ್ತಿದ್ದರು. ತಿಮಿಂಗಿಲ ಕಂಡ ದಿನ ಪ್ರಾಣದ ಹಂಗು ತೊರೆದ ದುಡಿಮೆ. ಕಾಣದ ದಿನ ಏನೂ ಇಲ್ಲ. ಕಾಣದ ದಿನಗಳೇ ಹೆಚ್ಚು. ಆ ಖಾಲಿ ದಿನಗಳಲ್ಲಿ ಹುಟ್ಟಿದ ಕಲೆಗೆ ಅವರು ಸ್ಕ್ರಿಮ್‌ಶಾ ಎಂದು ಹೆಸರಿಟ್ಟರು.

ಸ್ಪರ್ಮ್ ತಿಮಿಂಗಿಲಕ್ಕೆ ಕೆಳದವಡೆಯಲ್ಲಿ ಸುಮಾರು 40ರಿಂದ 50 ಹಲ್ಲುಗಳಿರುತ್ತವೆ. ಎಣ್ಣೆಯ ವ್ಯಾಪಾರಕ್ಕೆ ಹಲ್ಲಿನಿಂದ ಪ್ರಯೋಜನವಿಲ್ಲದ್ದರಿಂದ ಅವು ನಾವಿಕರ ಪಾಲಿಗೆ ಬರುತ್ತಿದ್ದವು. ಹಲ್ಲಿನ ಮೇಲ್ಮೈ ಒರಟು. ಅದನ್ನು ಚಾಕುವಿನಿಂದ ಕೆರೆದು, ಶಾರ್ಕ್ ಮೀನಿನ ಚರ್ಮದಿಂದ ಉಜ್ಜಿ ನುಣುಪು ಮಾಡಬೇಕು. ಆಮೇಲೆ ಹಾಯಿಬಟ್ಟೆ ಹೊಲಿಯುವ ಸೂಜಿಯಿಂದಲೋ ಚಾಕುವಿನ ಮೊನೆಯಿಂದಲೋ ಗೆರೆ ಕೊರೆದು, ಆ ಗೆರೆಗಳಿಗೆ ದೀಪದ ಕಾಡಿಗೆಯನ್ನು ಮೆತ್ತಿ ಒರೆಸಿದರೆ ಬಿಳಿಯ ಮೇಲೆ ಕಪ್ಪು ಚಿತ್ರ ಎದ್ದು ಬರುತ್ತದೆ. ಬಿಡಿಸಲು ಬಾರದವನು ಪತ್ರಿಕೆಯೊಂದರಲ್ಲಿ ಬಂದ ಹೆಂಗಸಿನ ಚಿತ್ರವನ್ನು ಹಲ್ಲಿಗೆ ಅಂಟಿಸಿ, ಅದರ ಅಂಚಿನಗುಂಟ ಸೂಜಿಯಿಂದ ಚುಚ್ಚಿ, ಚುಕ್ಕಿಗಳನ್ನು ಕೂಡಿಸುತ್ತಿದ್ದ. ನಮ್ಮ ಹೆಂಗಸರು ಚುಕ್ಕಿಯಿಟ್ಟು ರಂಗೋಲಿಯ ಎಳೆ ಎಳೆಯುವುದು ನನಗೆ ನೆನಪಾಯಿತು. ಮನೆಯವಳಿಗೆಂದು ಮಾಡಿದ ಸಾಮಾನುಗಳೂ ಅಲ್ಲಿ ಬೇಕಾದಷ್ಟಿವೆ. ಹಲ್ಲುಹಲ್ಲಾದ ಒಂದು ಪುಟ್ಟ ಗಾಲಿಯನ್ನು ಕಂಡು ನನ್ನ ಹೆಂಡತಿ, “ಇದು ಕರ್ಜಿಕಾಯಿಯ ಅಂಚು ಕತ್ತರಿಸುವುದಲ್ಲವೇ?” ಎಂದಳು. ಅವರೂ ಅದನ್ನು ಮಾಡಿದ್ದು ಕಣಕದ ಅಂಚು ಕತ್ತರಿಸುವುದಕ್ಕೇ.

ಬಹುಪಾಲು ಕೆತ್ತನೆಗಳ ಮೇಲೆ ಕರ್ತೃವಿನ ಹೆಸರಿಲ್ಲ. ಹೆಸರು ಉಳಿದ ಕೆಲವರಲ್ಲಿ ಇಬ್ಬರನ್ನು ಹೇಳುತ್ತೇನೆ. ಫ್ರೆಡರಿಕ್ ಮೈರಿಕ್ ಎಂಬವನು 'ಸೂಸನ್' ಎಂಬ ಹಡಗಿನಲ್ಲಿದ್ದಾಗ, 1828-29ರಲ್ಲಿ, ಆ ಹಡಗಿನ ಚಿತ್ರವನ್ನು ಹಲ್ಲುಗಳ ಮೇಲೆ ಕೊರೆದು ತಾರೀಖು ಹಾಕಿದ. ಕೊಲ್ಲುವವರು ಬಾಳಲಿ, ನಾವಿಕರ ಹೆಂಡಂದಿರಿಗೆ ಒಳ್ಳೆಯದಾಗಲಿ ಎಂಬ ಅರ್ಥದ ಹಾರೈಕೆಯನ್ನೂ ಸೇರಿಸಿದ. ನಾನ್‌ಟಕೆಟ್ ದ್ವೀಪದ ಎಡ್ವರ್ಡ್ ಬರ್ಡೆಟ್ ಎಂಬವನು ತಿಮಿಂಗಿಲ ಬೇಟೆಯ ದೃಶ್ಯಗಳನ್ನು ಕೊರೆಯುವುದರಲ್ಲಿ ನಿಪುಣ. 1833ರಲ್ಲಿ, ಭರ್ಜಿ ತಗುಲಿದ ತಿಮಿಂಗಿಲವೊಂದರ ಹಗ್ಗಕ್ಕೆ ಸಿಕ್ಕಿ, ಕಡಲಿಗೆಳೆಯಲ್ಪಟ್ಟು ಅವನು ಸತ್ತ. ಆಗ ಅವನಿಗೆ ಮೂವತ್ತೂ ತುಂಬಿರಲಿಲ್ಲ.

ಅಂಥದೊಂದು ಹಲ್ಲಿನ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ದೋಣಿಯಲ್ಲಿ ಆರು ಜನ. ಮುಂದೆ ನಿಂತವನ ಕೈಯಲ್ಲಿ ಭರ್ಜಿ. ಎದುರಿಗೆ ಬಾಯ್ದೆರೆದ ತಿಮಿಂಗಿಲ. ಆ ತೆರೆದ ಬಾಯಲ್ಲಿ ಹಲ್ಲುಗಳನ್ನೂ ಒಂದೊಂದಾಗಿ ಗೀಚಿದ್ದಾನೆ. ಅಂಥ ಹಲ್ಲುಗಳಲ್ಲೊಂದರ ಮೇಲೆಯೇ ಈ ಚಿತ್ರವಿದೆ! ನಂಗಲಿಯ ಪೆಟ್ಟಿಗೆಯ ಮೇಲಿನ ಆನೆ ನನಗೆ ನೆನಪಾದದ್ದು ಆಗ.

ಕೇಳುಗರು ಗಮನಿಸಬೇಕು: ಆನೆಯ ದಂತವೆನ್ನುವುದೂ ಹಲ್ಲೇ. ಮೇಲ್ದವಡೆಯ ಬಾಚಿಹಲ್ಲು ಉದ್ದವಾಗಿ ಬೆಳೆದು ದಂತವಾಗಿದೆ. ಸಂಸ್ಕೃತದ ಶಬ್ದ ಆ ಸತ್ಯವನ್ನು ನೇರವಾಗಿ ಹೇಳುತ್ತಿದ್ದರೂ, ಆನೆಯದನ್ನು ದಂತವೆಂದು, ನಮ್ಮದನ್ನು ಹಲ್ಲೆಂದು ಕರೆದು ನಾವು ಎರಡನ್ನೂ ಬೇರೆ ಮಾಡಿಕೊಂಡಿದ್ದೇವೆ. ಮುಳಬಾಗಿಲಿಗೆ ಹತ್ತಿರದ ಕುರುಡುಮಲೆಯಲ್ಲಿ ಸುಮಾರು 13 ಅಡಿ ಎತ್ತರದ ಏಕಶಿಲಾ ಗಣಪತಿಯಿದ್ದಾನೆ. ನಮ್ಮ ಕಡೆಯವರು ಹೊಸ ಕೆಲಸ ಹಿಡಿಯುವ ಮುಂಚೆ ಅಲ್ಲಿಗೆ ಹೋಗಿ ಕೈಮುಗಿದು ಬರುತ್ತಾರೆ. ಆ ದೇವರು ತನ್ನ ದಂತವನ್ನೇ ಮುರಿದು ಲೇಖನಿ ಮಾಡಿಕೊಂಡು ವ್ಯಾಸರ ಭಾರತವನ್ನು ಬರೆದನೆಂಬ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನಮ್ಮ ದೇವರು ದಂತದಿಂದ ಬರೆದ. ಆ ನಾವಿಕ ದಂತದ ಮೇಲೆ ಬರೆದ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಗಣಪತಿ ಮುರಿದದ್ದು ಸ್ವಂತ ದಂತವನ್ನು.

ನಮ್ಮ ನಾಡಿಗೂ ಆನೆಗೂ ನಂಟು ಹಳೆಯದು. ಇಂದಿನ ಕೋಲಾರವೇ ಗಂಗರ ಕುವಳಾಲ. ಗಂಗರ ತಾಮ್ರಪಟಗಳ ಮುದ್ರೆಯಲ್ಲಿರುವುದು ಆನೆ. ಆ ವಂಶದ ಇಮ್ಮಡಿ ಶಿವಮಾರ 'ಗಜಾಷ್ಟಕ'ವೆಂಬ ಕನ್ನಡ ಕೃತಿಯನ್ನು ರಚಿಸಿದನೆಂದೂ ಅದು ಒನಕೆವಾಡಾಗಿ ಜನರ ಬಾಯಲ್ಲಿತ್ತೆಂದೂ ಶಾಸನದಿಂದ ತಿಳಿಯುತ್ತದೆ. ಕೃತಿ ನಮಗೆ ಸಿಕ್ಕಿಲ್ಲ. ಭತ್ತ ಕುಟ್ಟುವ ಹೆಂಗಸರು ಒಬ್ಬ ಅರಸನ ಆನೆಯ ಪದ್ಯಗಳನ್ನು ಹಾಡಿಕೊಳ್ಳುತ್ತಿದ್ದ ಕಾಲವೊಂದಿತ್ತೆಂದು ತಿಳಿದರೇ ಸಂತೋಷವಾಗುತ್ತದೆ.

ದಂತದ ಕೆಲಸವೂ ಈ ದೇಶದಲ್ಲಿ ಬಹು ಪ್ರಾಚೀನ. ಸಾಂಚಿಯ ಸ್ತೂಪದ ದಕ್ಷಿಣ ತೋರಣದ ಕೆತ್ತನೆಯನ್ನು ವಿದಿಶೆಯ ದಂತಕಾರರು ಮಾಡಿದರೆಂದು ಅಲ್ಲಿಯ ಬರಹವೇ ಹೇಳುತ್ತದೆ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯಡಿ ಹೂತುಹೋದ ಪಾಂಪೇ ನಗರದಲ್ಲಿ, 1938ರಲ್ಲಿ, ಭಾರತದ ದಂತದ ಬೊಂಬೆಯೊಂದು ಸಿಕ್ಕಿತು. ನಮ್ಮಲ್ಲಿ ಸಾಗರ, ಸೊರಬ, ಶಿರಸಿಗಳ ಗುಡಿಗಾರರು ಶ್ರೀಗಂಧದ ಜೊತೆಗೆ ದಂತದಲ್ಲಿಯೂ ಕೆತ್ತುತ್ತಿದ್ದರು. ಶ್ರೀರಂಗಪಟ್ಟಣದ ಗುಂಬಜ಼್‌ನಲ್ಲಿ ಹೈದರಾಲಿ, ಟಿಪ್ಪು ಮಲಗಿರುವ ಕಟ್ಟಡದ ಬಾಗಿಲುಗಳು ದಂತ ಕೂಡಿಸಿದ ಕರಿಮರದವು. ಲಾರ್ಡ್ ಡಾಲ್‌ಹೌಸಿ ಕೊಡಿಸಿದವು. ಆ ಹೈದರಾಲಿ ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದವನು. 1897ರ ಬೆಂಕಿಯ ನಂತರ ಕಟ್ಟಿ 1912ರಲ್ಲಿ ಮುಗಿಸಿದ ಮೈಸೂರು ಅರಮನೆಯಲ್ಲಿ, ಅಂಬಾವಿಲಾಸಕ್ಕೆ ಹೋಗುವ ಬೀಟೆಯ ಬಾಗಿಲಿನ ಮೇಲೂ ದಂತದ ಇನ್‌ಲೇ ಇದೆ. ನಮ್ಮ ತಾತನವರ ಪೆಟ್ಟಿಗೆ ಆ ಬಾಗಿಲಿನ ಬಡ ನೆಂಟ.

ಈ ಕೆಲಸದ ಕ್ರಮವನ್ನು ಮೈಸೂರಿನ ಒಬ್ಬ ಹಿರಿಯ ಕುಶಲಿ ನನಗೆ ತಾಳ್ಮೆಯಿಂದ ವಿವರಿಸಿದರು. ದಂತವನ್ನು ತೆಳ್ಳಗೆ ಹಾಳೆಯಂತೆ ಕೊಯ್ದು, ಅದರಿಂದ ಸಣ್ಣ ಗರಗಸದಲ್ಲಿ ಆಕೃತಿಗಳನ್ನು ಕತ್ತರಿಸುತ್ತಾರೆ. ಅದೇ ಆಕಾರಕ್ಕೆ ಬೀಟೆಯ ಹಲಗೆಯಲ್ಲಿ ಉಳಿಯಿಂದ ಹಳ್ಳ ತೋಡಿ, ಅಂಟು ಹಚ್ಚಿ ಕೂರಿಸುತ್ತಾರೆ. ಎರಡೂ ಒಂದೇ ಮಟ್ಟವಾಗುವಂತೆ ಉಜ್ಜುತ್ತಾರೆ. ಕಡೆಯ ಕೆಲಸವೇ ಸೂಕ್ಷ್ಮ: ದಂತದ ಮೇಲೆ ಮೊನೆಯಿಂದ ಗೆರೆ ಕೊರೆದು ಕಪ್ಪು ಅರಗನ್ನು ತುಂಬಿ ಒರೆಸುವುದು. ಆನೆಗೆ ಕಣ್ಣು ಬರುವುದು ಆಗ. ನಾವಿಕನಿಗೆ ದೀಪದ ಕಾಡಿಗೆ, ಇವರಿಗೆ ಅರಗು. ಒಬ್ಬರನ್ನೊಬ್ಬರು ಕನಸಿನಲ್ಲಿಯೂ ಕಂಡಿರದ ಎರಡು ಬಗೆಯ ಜನ ಬಿಳಿಯ ಹಲ್ಲಿನ ಮೇಲೆ ಕಪ್ಪು ಗೆರೆಯ ಉಪಾಯವನ್ನೇ ಕಂಡುಕೊಂಡಿದ್ದರು.

ಇಷ್ಟು ಹೊತ್ತು ಚೆಲುವಿನ ಮಾತಾಯಿತು. ಇನ್ನು ಬೆಲೆಯ ಮಾತು.

“ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ” ಎನ್ನುತ್ತದೆ ನಮ್ಮ ಗಾದೆ. ಇದನ್ನು ನಾವು ದೊಡ್ಡವರ ಹಿರಿಮೆಗೆ ಹೋಲಿಕೆಯಾಗಿ ಆಡುತ್ತೇವೆ. ನಿಧಾನವಾಗಿ ನೋಡಿದರೆ ಅದರೊಳಗೆ ಒಂದು ವ್ಯಾಪಾರದ ಲೆಕ್ಕವಿದೆ. ಸತ್ತರೂ ಸಾವಿರ ಬರುವುದಾದರೆ, ಸಾಯುವ ತನಕ ಕಾಯುವವರಾರು? ತಿಮಿಂಗಿಲವನ್ನು ಕೊಂದದ್ದು ಎಣ್ಣೆಗೆ. ಹಲ್ಲು ಉಳಿಕೆಯ ಪದಾರ್ಥ. ಆನೆಯ ವಿಷಯ ಹಾಗಲ್ಲ. ದಂತದ ಸುಮಾರು ಮೂರನೆಯ ಒಂದು ಭಾಗ ತಲೆಬುರುಡೆಯ ಒಳಗಿರುತ್ತದೆ. ಅದನ್ನು ಪೂರ್ತಿಯಾಗಿ ಬಯಸುವವನು ಆನೆಯನ್ನು ಬದುಕಗೊಡಲಾರ. ಏಷ್ಯಾದ ಆನೆಗಳಲ್ಲಿ ಹೆಣ್ಣಿಗೆ ಹೊರಗೆ ಎದ್ದು ಕಾಣುವ ದಂತವಿಲ್ಲದ್ದರಿಂದ, ಕಳ್ಳಬೇಟೆಗಾರರು ಗಂಡಾನೆಗಳನ್ನೇ ಆರಿಸಿ ಕೊಂದರು. ದಕ್ಷಿಣದ ಕಾಡುಗಳಲ್ಲಿ ಗಂಡು ಹೆಣ್ಣಿನ ಪ್ರಮಾಣವೇ ಕದಡಿಹೋಯಿತು. 2004ರ ಅಕ್ಟೋಬರಿನಲ್ಲಿ ಪೊಲೀಸರ ಗುಂಡಿಗೆ ಬಿದ್ದ ವೀರಪ್ಪನ್ ಹೆಸರು ಮಾಡಿದ್ದು ಮೊದಲಿಗೆ ಈ ದಂತದಿಂದಲೇ. ಹತ್ತೊಂಬತ್ತನೆಯ ಶತಮಾನದಿಂದ ನಮ್ಮ ದೇಶದ ಕುಶಲಿಗಳ ಕೈಗೆ ಬರುತ್ತಿದ್ದ ದಂತದಲ್ಲಿ ಬಹಳಷ್ಟು ಆಫ್ರಿಕದಿಂದ ಮುಂಬಯಿಗೆ ಇಳಿದದ್ದು. ನಮ್ಮ ಪೆಟ್ಟಿಗೆಯ ಆನೆ ಕಾಕನಕೋಟೆಯದೋ ಆಫ್ರಿಕದ್ದೋ ಯಾರು ಬಲ್ಲರು?

ಎರಡು ಕಡೆಗಳಲ್ಲಿಯೂ ಕಾಲ ತಿರುಗಿತು. 1859ರಲ್ಲಿ ಪೆನ್ಸಿಲ್ವೇನಿಯದಲ್ಲಿ ಭೂಮಿಯೆಣ್ಣೆಯ ಬಾವಿ ಕೊರೆದ ಮೇಲೆ ದೀಪಕ್ಕೆ ಸೀಮೆಯೆಣ್ಣೆ ಬಂದು, ನ್ಯೂ ಬೆಡ್‌ಫರ್ಡ್‌ನ ವೈಭವ ಕ್ರಮೇಣ ಇಳಿಯಿತು. ಆದರೆ ಬೇಟೆ ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಯಂತ್ರದ ಹಡಗುಗಳಿಂದ ಇನ್ನೂ ಭೀಕರವಾಯಿತು. ಕಾಕನಕೋಟೆಯಲ್ಲಿ ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ, 1972ರ ಸೆಪ್ಟೆಂಬರಿನಲ್ಲಿ, ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಅದಾದ ಒಂದು ತಿಂಗಳಿಗೆ ಅಮೆರಿಕದಲ್ಲಿ ಕಡಲಿನ ಸಸ್ತನಿಗಳನ್ನು ರಕ್ಷಿಸುವ ಕಾಯಿದೆ ಬಂತು. 1977ರಲ್ಲಿ ಆನೆಯನ್ನು ನಮ್ಮ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಿದರು. 1986ರಲ್ಲಿ ಭಾರತದ ಆನೆಯ ದಂತದ ವ್ಯಾಪಾರ ನಿಂತಿತು. 1991ರಲ್ಲಿ ಆಫ್ರಿಕದಿಂದ ತಂದ ದಂತದ್ದೂ ನಿಂತಿತು. ವ್ಯಾಪಾರಕ್ಕಾಗಿ ತಿಮಿಂಗಿಲವನ್ನು ಕೊಲ್ಲುವುದನ್ನು ತಡೆಯುವ ಅಂತರರಾಷ್ಟ್ರೀಯ ನಿರ್ಧಾರ 1982ರದು. ಶತಮಾನಗಳ ಬೇಟೆಯ ಮೇಲೆ ಎರಡು ಖಂಡಗಳಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ತೆರೆ ಎಳೆದಂತಾಯಿತು.

ಆಗ ಕುಶಲಿಯ ಗತಿಯೇನು? ಮೈಸೂರಿನ ಆ ಹಿರಿಯರನ್ನು ನಾನು ಇದನ್ನೇ ಕೇಳಿದೆ. ಅವರು ಗೊಣಗಲಿಲ್ಲ. “ಮೊದಮೊದಲು ಕೈಗೆ ಒಗ್ಗಲಿಲ್ಲ ಸಾರ್,” ಎಂದರು. “ದಂತ ಉಳಿಯ ಮಾತು ಕೇಳುತ್ತಿತ್ತು. ಪ್ಲಾಸ್ಟಿಕ್ಕು ಕೇಳುವುದಿಲ್ಲ. ನಮ್ಮ ಹುಡುಗರಿಗೆ ದಂತವೇ ಗೊತ್ತಿಲ್ಲ. ಅವರ ಕೈಗೆ ಪ್ಲಾಸ್ಟಿಕ್ಕೇ ಒಗ್ಗಿದೆ.” ಬಿಳಿಯ ಭಾಗಕ್ಕೆ ಪ್ಲಾಸ್ಟಿಕ್ಕು, ಉಳಿದ ಬಣ್ಣಗಳಿಗೆ ಬಗೆಬಗೆಯ ಮರಗಳ ಚೂರು ಎಂದು ಅವರು ಕೆಲಸವನ್ನು ಮುಂದುವರಿಸಿದ್ದಾರೆ. ಹಲಸಿನ ಹಳದಿ, ಬೀಟೆಯ ಕಂದು, ಒಂದೊಂದು ಮರಕ್ಕೂ ಅದರದೇ ಬಣ್ಣ. ಅವರು ತೋರಿಸಿದ ಹೊಸ ಹಲಗೆಯ ಮೇಲೂ ಆನೆಯೇ ಇತ್ತು. ಅದರ ಕಣ್ಣಿನ ಸುತ್ತ ನಮ್ಮ ಪೆಟ್ಟಿಗೆಯ ಆನೆಗಿದ್ದ ಗೆರೆಗಳೇ ಇದ್ದವು. ವಿದ್ಯೆ ಇದ್ದದ್ದು ಕೈಯಲ್ಲಿ. ದಂತ ಹೋದರೂ ಅದು ಹೋಗಲಿಲ್ಲ. ಆದರೂ ಆ “ಉಳಿಯ ಮಾತು ಕೇಳುತ್ತಿತ್ತು” ಎಂಬ ಮಾತಿನಲ್ಲಿದ್ದ ನಷ್ಟವನ್ನು ನಾನು ಹಗುರವಾಗಿ ಎಣಿಸಲಾರೆ. ಕಾನೂನು ಮಾಡಿದವರು ಕಳೆದುಕೊಂಡದ್ದು ಏನೂ ಇಲ್ಲ, ಕಳೆದುಕೊಂಡವರು ಇವರು.

ಈಗ ಮತ್ತೆ ನಂಗಲಿಗೆ ಬರುತ್ತೇನೆ. ನಮ್ಮ ಮೂಡಲಿಗೆ, ಆಂಧ್ರದ ಪಲಮನೇರು ಸೀಮೆಯ ಕಾಡುಗಳಿಗೆ 1980ರ ದಶಕದಲ್ಲಿ ತಮಿಳುನಾಡು, ಕರ್ನಾಟಕಗಳ ಕಡೆಯಿಂದ ಆನೆಗಳು ಬಂದು ನೆಲೆಸಿದವು. ತಲೆಮಾರುಗಳಿಂದ ಆನೆಯಿಲ್ಲದ ಕಾಡು ಅದು. 1990ರಲ್ಲಿ ಅದನ್ನು ಕೌಂಡಿನ್ಯ ಅಭಯಾರಣ್ಯವೆಂದು ಸಾರಿದರು. ಆನೆಗೆ ರಾಜ್ಯದ ಎಲ್ಲೆ ಗೊತ್ತಿಲ್ಲ. ಹೊಯ್ಸಳರು ಗುರುತಿಸಿದ ಎಲ್ಲೆಯೂ ಗೊತ್ತಿಲ್ಲ, ಇಂದಿನ ತನಿಖಾ ಠಾಣೆಯೂ ಗೊತ್ತಿಲ್ಲ. ಗಂಗರ ಮುದ್ರೆಯಲ್ಲಿಯೂ ಗುಡಿಯ ಕಲ್ಲಿನಲ್ಲಿಯೂ ಪೆಟ್ಟಿಗೆಯ ಮುಚ್ಚಳದಲ್ಲಿಯೂ ಮಾತ್ರ ಇದ್ದ ಆನೆ ನಮ್ಮ ಗಡಿಯ ಹೊಲಗಳಿಗೆ ಬಂದಿತು.

ಒಂದು ಸಂಜೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಗಡಿಯಂಚಿನ ಹಳ್ಳಿಯ ರೈತ. ಮೂರು ದಿನದ ಹಿಂದೆ ಆನೆಗಳು ಅವನ ಟೊಮ್ಯಾಟೊ ತೋಟವನ್ನು ತುಳಿದುಹಾಕಿದ್ದವು. ನಾನು ಬುದ್ಧಿಗೇಡಿಯಂತೆ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಅವನ ಮುಂದಿಟ್ಟೆ. ಅವನು ಬಹಳ ಹೊತ್ತು ನೋಡಿದ.

“ಚೆನ್ನಾಗೈತೆ ಮೇಷ್ಟ್ರೇ,” ಎಂದ. “ಆದ್ರೆ ಇದನ್ನ ಮಾಡ್ದೋರು ಆನೇನ ದೂರದಿಂದ ನೋಡ್ದೋರು.”

“ಕೊಲ್ಲಬೇಕಪ್ಪಾ ಅನ್ನಿಸುತ್ತದೆಯೋ?” ಎಂದು ಕೇಳಿದೆ.

“ಬಿಡ್ತು ಅನ್ನಿ. ಕುರುಡುಮಲೆಗೆ ಹೋಗಿ ಕೈಮುಗಿಯೋರು ನಾವು. ಅದ್ಯಾಕೆ ಸಾಯಬೇಕು? ಆದ್ರೆ ಅದು ಬದುಕೋ ಖರ್ಚೆಲ್ಲಾ ನನ್ನೊಬ್ಬನ ತೋಟದ ಮೇಲೇ ಬಿದ್ರೆ ಹೆಂಗೆ ಮೇಷ್ಟ್ರೇ?”

ನನ್ನಲ್ಲಿ ಉತ್ತರವಿರಲಿಲ್ಲ. ಅವನ ಪ್ರಶ್ನೆಯಲ್ಲಿ ನನ್ನ ಇಡೀ ವಿಷಯ ಅಡಕವಾಗಿತ್ತು. ದೀಪ ಉರಿಸಿಕೊಂಡವರು ಪಟ್ಟಣದವರು. ಹಗ್ಗಕ್ಕೆ ಸಿಕ್ಕು ಸತ್ತವನು ಬರ್ಡೆಟ್. ಬಾಗಿಲಿನ ಚೆಲುವನ್ನು ಕಂಡು ಸಂತೋಷಪಟ್ಟವರು ಅರಮನೆಯವರೂ ಯಾತ್ರಿಕರೂ. ಉಳಿಯ ಮಾತು ಕೇಳುವ ವಸ್ತುವನ್ನು ಬಿಟ್ಟುಕೊಟ್ಟವರು ಮೈಸೂರಿನ ಕುಶಲಿಗಳು. ಆನೆ ಉಳಿಯಿತೆಂದು ಪತ್ರಿಕೆಯಲ್ಲಿ ಓದಿ ಹಿಗ್ಗುವವನು ನಾನು. ತೋಟ ಕಳೆದುಕೊಂಡವನು ನನ್ನ ವಿದ್ಯಾರ್ಥಿ. ಕೊಂದ ಕಾಲದಲ್ಲಿಯೂ ಉಳಿಸಿದ ಕಾಲದಲ್ಲಿಯೂ ಖರ್ಚಿನ ಪಟ್ಟಿ ಒಂದೇ ಮನೆಬಾಗಿಲಿಗೆ ಬಂದಿದೆ. ಪರಂಪರೆಯೆಂದು ನಾವು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವ ವಸ್ತುಗಳ ಪಕ್ಕದಲ್ಲಿ ಈ ಪಟ್ಟಿಯನ್ನೂ ಇಡಬೇಕೆಂದು ನನಗೆ ತೋರುತ್ತದೆ.

1989ರಲ್ಲಿ ಕೀನ್ಯದ ಅಧ್ಯಕ್ಷರು ಹನ್ನೆರಡು ಟನ್ ದಂತವನ್ನು ರಾಶಿ ಹಾಕಿಸಿ ಬೆಂಕಿಯಿಟ್ಟರು. ದಂತಕ್ಕೆ ಬೆಲೆಯಿರುವತನಕ ಆನೆಗೆ ಬಾಳಿಲ್ಲವೆಂದು ಲೋಕಕ್ಕೆ ಹೇಳುವುದಕ್ಕೆ. ಆ ಸುದ್ದಿಯನ್ನು ನೆನೆದಾಗಲೆಲ್ಲ ನಾನು ಅಟ್ಟದ ಕಡೆ ನೋಡುತ್ತೇನೆ. ನಮ್ಮ ಪೆಟ್ಟಿಗೆಯನ್ನು ಸುಡಲು ನನ್ನಿಂದಾಗದು. ಅದನ್ನು ಕೊರೆದ ಕೈ ಯಾರದೋ, ಆ ಕೈಗೆ ಅದು ಅವಮಾನ. ಮಾರುವಂತೆಯೂ ಇಲ್ಲ, ಒಬ್ಬರು ಬಂದು ಬೆಲೆ ಕೇಳಿದಾಗ ಅದು ಅಪರಾಧವೆಂದು ಹೇಳಿ ಕಳುಹಿಸಿದೆ. ಇಟ್ಟುಕೊಳ್ಳುವುದಕ್ಕೂ ಸರ್ಕಾರದ ಕಾಗದ ಬೇಕು. ಆ ಕಾಗದವನ್ನು ಪೆಟ್ಟಿಗೆಯೊಳಗೇ, ಅಜ್ಜಿ ಜಾತಕಗಳನ್ನಿಡುತ್ತಿದ್ದ ಜಾಗದಲ್ಲಿ ಇಟ್ಟಿದ್ದೇನೆ.

ಕಳೆದ ಬೇಸಿಗೆಯಲ್ಲಿ ಬಾಸ್ಟನ್ನಿನಿಂದ ಬಂದ ಮೊಮ್ಮಗಳು ನಾನು ಹಿಂದೆ ಮಾಡುತ್ತಿದ್ದಂತೆಯೇ ಮುಚ್ಚಳದ ಮೇಲೆ ಬೆರಳಾಡಿಸುತ್ತ, “ತಾತ, ಈ ಆನೆ ಯಾವುದರಿಂದ ಮಾಡಿದ್ದು?” ಎಂದು ಕೇಳಿದಳು. ನನ್ನನ್ನು ಯಾರೂ ಕೇಳಿರದ, ನಾನೂ ಯಾರನ್ನೂ ಕೇಳಿರದ ಪ್ರಶ್ನೆ. “ಆನೆಯಿಂದ,” ಎಂದೆ. ಅವಳು ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮುಂದಕ್ಕೆ ಚಾಚಿ, ಈ ಸಲ ಬಹಳ ಮೆಲ್ಲಗೆ, ಅದರ ಕಣ್ಣಿನ ಸುತ್ತಲಿನ ಗೆರೆಗಳನ್ನು ಮುಟ್ಟಿದಳು.